ಅಳಿಯನ ಕೈಗಾಳ: ಬೆಳಗಾವಿಯಿಂದ ಕಾಳಿಯ ಅಳಿವೆಗೆ

ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯೊಂದರಲ್ಲಿ ಅಚ್ಚು ಕಟ್ಟುವ ಕೆಲಸ ಮಾಡುವ ನನಗೆ ಗಾಳದ ಚಟ ಹತ್ತಿದ್ದು ಹಿಡಕಲ್ ಜಲಾಶಯದ ಹಿನ್ನೀರಿನಲ್ಲಿ. ಅಲ್ಲಿ ಘಟಪ್ರಭೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ, ಇಲ್ಲವೇ ನಿಂತಿರುತ್ತದೆ. ಗೋಧಿ ಹಿಟ್ಟಿನ ಉಂಡೆಯನ್ನೋ ಎರೆಹುಳವನ್ನೋ ಕೊಕ್ಕೆಗೆ ಚುಚ್ಚಿ, ಬೆಂಡು ತೇಲಿಬಿಟ್ಟು, ನೆರಳು ನೋಡಿ ಕುಳಿತರೆ ಸಂಜೆಯೊಳಗೆ ಒಂದೆರಡು ಚಿಲಾಪಿಯೋ ರೋಹುವೋ ಸಿಕ್ಕೇ ಸಿಗುತ್ತದೆ. ಇಪ್ಪತ್ತು ವರ್ಷ ಹೀಗೆ ಕುಳಿತವನಿಗೆ ಮೀನು ಹಿಡಿಯುವುದು ತನಗೆ ಗೊತ್ತೆಂಬ ಜಂಬ ಬಂದರೆ ಆಶ್ಚರ್ಯವಿಲ್ಲ. ಆ ಜಂಬ ಇಳಿದದ್ದು, ಅಕ್ಕನ ಮಗನ ಹಟಕ್ಕೆ ಮಣಿದು ಅವನನ್ನು ಕಾರವಾರದ ಉಪ್ಪುನೀರಿಗೆ ಕರೆದೊಯ್ದಾಗ.

ಹುಡುಗನಿಗೆ ಆಗ ಹನ್ನೊಂದು ವರ್ಷ. ಮೀನು ಹಿಡಿಯುವುದನ್ನು ಕಲಿಸುವುದಾದರೆ ಅದು ತಟ್ಟೆಗೆ ಬೀಳುವವರೆಗಿನ ಎಲ್ಲ ಕೆಲಸವನ್ನೂ ಕಲಿಸಬೇಕು, ಇಲ್ಲದಿದ್ದರೆ ಕರೆದುಕೊಂಡೇ ಹೋಗಬಾರದು ಎಂದು ನಾನು ಮೊದಲೇ ತೀರ್ಮಾನಿಸಿದ್ದೆ. ಹಿಡಿದ ಮೀನಿನ ಜೊತೆ ಚಿತ್ರ ತೆಗೆಸಿಕೊಂಡು, ಅದನ್ನು ಸ್ವಚ್ಛ ಮಾಡುವ ಹೊತ್ತಿಗೆ ಮೂಗು ಮುಚ್ಚಿಕೊಂಡು ಓಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಹಿಂದಿನ ವರ್ಷದ ದಸರಾ ರಜೆಯಲ್ಲಿ ನಾವು ಮಾಡಿದ ಮೊದಲ ಪ್ರವಾಸ ಪೂರ್ತಿ ವಿಫಲವಾಗಿತ್ತು. ಕಾಳಿ ನದಿ ಸಮುದ್ರ ಸೇರುವ ಅಳಿವೆಯಲ್ಲಿ, ಸದಾಶಿವಗಡದ ಎದುರಿನ ದಂಡೆಯ ಮೇಲೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕುಳಿತರೂ ಸಿಕ್ಕದ್ದು ಎರಡು ಏಡಿ ಮತ್ತು ಕೊಕ್ಕೆ ತುಂಬ ಪಾಚಿ. ಹುಡುಗ ಏನೂ ಅನ್ನಲಿಲ್ಲ. ಆದರೆ ಮರಳುವಾಗ ಅಣಶಿ ಘಟ್ಟದ ತಿರುವುಗಳಲ್ಲಿ ಅವನು ಕಿಟಕಿಯ ಹೊರಗೆ ನೋಡುತ್ತ ಕುಳಿತ ರೀತಿ ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ತಪ್ಪು ಎಲ್ಲಿತ್ತೆಂದು ಆಮೇಲೆ ನಿಧಾನವಾಗಿ ಹೊಳೆಯಿತು. ನಾವು ಹೋದದ್ದು ಅಕ್ಟೋಬರಿನಲ್ಲಿ. ಮಳೆಗಾಲದ ಸಿಹಿನೀರು ಇನ್ನೂ ಅಳಿವೆಯಲ್ಲಿ ತುಂಬಿತ್ತು, ಬಣ್ಣ ಚಹಾದಂತಿತ್ತು. ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದ್ದರೂ ಸಾಕಿತ್ತು, ಆದರೆ ನನಗೆ ಅದು ತೋಚಲಿಲ್ಲ. ಕೊಕ್ಕೆಗೆ ಹಾಕಿದ್ದು ಮನೆಯ ಫ್ರಿಜ್ಜಿನಲ್ಲಿದ್ದ ಹಳೆಯ ಸಿಗಡಿ. ಅದು ನೀರಿಗೆ ಬಿದ್ದ ಐದು ನಿಮಿಷಕ್ಕೆ ಮೆತ್ತಗಾಗಿ ಉದುರಿಹೋಗುತ್ತಿತ್ತು. ದಾರಕ್ಕೆ ಕಟ್ಟಿದ ಸೀಸದ ಗುಂಡು ಇಪ್ಪತ್ತು ಗ್ರಾಮಿನದು, ದುಂಡನೆಯದು. ಹಿಡಕಲ್‌ನ ನಿಂತ ನೀರಿಗೆ ಅದೇ ಹೆಚ್ಚು, ಆದರೆ ಇಳಿತದ ಸೆಳೆತದಲ್ಲಿ ಅದು ಗೋಲಿಯಂತೆ ಉರುಳುತ್ತ ಕಲ್ಲಿನ ಸಂದಿಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ನೀರು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದನ್ನು ಕೇಳದೆ, ಹೊಳೆಯ ದಂಡೆಗೆ ಹೋಗುವಂತೆ ಹೊತ್ತು ಮೂಡುವ ಮೊದಲು ಹೋಗಿ ಕುಳಿತದ್ದು.

ಸಂಜೆ ಕೋಡಿಬಾಗದ ಬಳಿ ಬಲೆ ಒಣಹಾಕುತ್ತಿದ್ದ ಹಿರಿಯ ಹರಿಕಂತ್ರ ಮೀನುಗಾರರೊಬ್ಬರು ನಮ್ಮ ಖಾಲಿ ಪೆಟ್ಟಿಗೆ ನೋಡಿ, "ನೀರು ಹೊರಗೆ ಹೋಗುವಾಗ ಮೀನೂ ಹೋಗ್ತದೆ. ಒಳಗೆ ಬರುವಾಗ ಬನ್ನಿ" ಎಂದರು. ಇಷ್ಟೇ ಪಾಠ. ಮುಂದಿನ ವರ್ಷವಿಡೀ ನಾನು ಮಾಡಿಕೊಂಡ ಸಿದ್ಧತೆಯೆಲ್ಲ ಆ ಎರಡು ವಾಕ್ಯದ ವಿಸ್ತಾರ.

ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಮತ್ತು ಈ ವೇಳೆ ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಚಂದ್ರ ಪ್ರತಿದಿನ ತಡವಾಗಿ ಹುಟ್ಟುವುದಕ್ಕೂ ಇದಕ್ಕೂ ಕಾರಣ ಒಂದೇ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಸುಮಾರಿಗೆ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಮಂದ. ಬಯಲುಸೀಮೆಯವರಿಗೆ ಪಂಚಾಂಗ ಬೇಕಾಗುವುದು ಬಿತ್ತನೆಗೆ ಮತ್ತು ಮದುವೆಗೆ; ಗೋಡೆಯ ಮೇಲಿನ ಅದೇ ಕ್ಯಾಲೆಂಡರ್ ಮೀನು ಹಿಡಿಯಲಿಕ್ಕೂ ಬರುತ್ತದೆಂದು ನಾನು ತಿಳಿದದ್ದು ನಲವತ್ತು ದಾಟಿದ ಮೇಲೆ.

2019ರ ಡಿಸೆಂಬರ್ 26, ಗುರುವಾರ, ಅಮಾವಾಸ್ಯೆ. ಅಂದೇ ಬೆಳಿಗ್ಗೆ ಸೂರ್ಯಗ್ರಹಣ. ಕಾರ್ಖಾನೆಯಿಂದ ತಂದ 14ನೇ ನಂಬರಿನ ವೆಲ್ಡಿಂಗ್ ಗಾಜಿನಲ್ಲಿ ಅಳಿಯನಿಗೆ ಗ್ರಹಣ ತೋರಿಸಿ, ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ನಿಲ್ಲುವುದೆಂದರೆ ಹೀಗೆ, ಸಮುದ್ರ ಉಕ್ಕುವುದೂ ಇದೇ ಕಾರಣಕ್ಕೆ ಎಂದು ಹೇಳಿದೆ. ಕಣ್ಣಾರೆ ನೋಡಿದ್ದರಿಂದ ಅವನು ಅದನ್ನು ಮರೆಯಲಿಲ್ಲ. ಶನಿವಾರ ಮಧ್ಯಾಹ್ನ ಹೊರಟು, ಭಾನುವಾರ 29ರ ಬೆಳಗಿನ ಉಬ್ಬರಕ್ಕೆ ಕೂರುವುದೆಂದು ನಿಶ್ಚಯವಾಯಿತು. ಭಾನುವಾರವೇ ಆಗಬೇಕಾದುದಕ್ಕೆ ಇನ್ನೊಂದು ಕಾರಣವಿತ್ತು: ನಮ್ಮ ಮನೆಯಲ್ಲಿ ಸೋಮವಾರ ಮತ್ತು ಎಲ್ಲಮ್ಮನ ವಾರಗಳಾದ ಮಂಗಳವಾರ, ಶುಕ್ರವಾರ ಮೀನು ಒಲೆಯೇರುವುದಿಲ್ಲ.

ಸೀಸದ ಗುಂಡುಗಳನ್ನು ನಾನೇ ಎರಕ ಹೊಯ್ದೆ. ಸೀಸ 327 ಡಿಗ್ರಿಗೆ ಕರಗುತ್ತದೆ, ನಮ್ಮ ಬೀಡು ಕಬ್ಬಿಣದ ಮುಂದೆ ಅದು ಬೆಣ್ಣೆ. ಹಿತ್ತಲಿನ ಇದ್ದಿಲ ಒಲೆ ಮತ್ತು ಒಂದು ಹಳೆಯ ಕಬ್ಬಿಣದ ಸೌಟು ಸಾಕಾಯಿತು. ಅಚ್ಚಿನಲ್ಲಿ ಹನಿ ತೇವವಿದ್ದರೂ ಕಾದ ಸೀಸ ಸಿಡಿಯುತ್ತದೆಯಾದ್ದರಿಂದ ಪ್ಲಾಸ್ಟರಿನ ಅಚ್ಚನ್ನು ಒಂದು ವಾರ ಬಿಸಿಲಿನಲ್ಲಿ ಒಣಗಿಸಿದ್ದೆ. ಆಕಾರ ದುಂಡಲ್ಲ, ನಾಲ್ಕು ಮುಖದ ಗೋಪುರದಂಥದು, ತೂಕ ಎಪ್ಪತ್ತು ಗ್ರಾಂ: ಚೂಪು ತುದಿ ಮರಳಿನೊಳಗೆ ಊರಿಕೊಂಡು ಸೆಳೆತಕ್ಕೆ ಉರುಳದೆ ನಿಲ್ಲುತ್ತದೆ. ಹುಡುಗನನ್ನು ಹೊಗೆಗೆ ಬಿಡದೆ ದೂರ ಕೂರಿಸಿದ್ದೆ, ಮುಟ್ಟಿದ ಮೇಲೆ ಕೈ ತೊಳೆಸಿದ್ದೆ. ಸಣ್ಣ ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಬಿಗಿಯುವ ಅಭ್ಯಾಸ ನಮ್ಮ ಕಡೆ ಹಲವರಿಗಿದೆ. ಸೀಸ ವಿಷ, ಅದನ್ನು ಇಕ್ಕಳದಿಂದಲೇ ಮಾಡಬೇಕು.

ಅಳಿಯನಿಗೆ ಕೋಲು, ರೀಲು ಕೊಡಲಿಲ್ಲ, ಕೈಗಾಳ ಕೊಟ್ಟೆ. ಒಂದು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ನಲವತ್ತು ಮೀಟರ್ ತಂಗೂಸದ (ನೈಲಾನ್) ದಾರ, ತುದಿಯಲ್ಲಿ ಸೀಸ, ಸೀಸದಿಂದ ಒಂದು ಗೇಣು ಮೇಲೆ ಪಕ್ಕಕ್ಕೆ ಕವಲೊಡೆದ ಸಣ್ಣ ದಾರದಲ್ಲಿ ಕೊಕ್ಕೆ. ಕೋಲಿನ ತುದಿ ಅಲುಗುವುದನ್ನು ಕಣ್ಣು ನೋಡುತ್ತದೆ. ಆದರೆ ಬೆರಳಿನ ಮೇಲೆ ಹಾಯುವ ದಾರದಲ್ಲಿ ಅಲೆಯ ಎಳೆತ ಯಾವುದು, ಏಡಿಯ ಗೀರು ಯಾವುದು, ಮೀನಿನ ತಟ್ಟು ಯಾವುದು ಎಂಬುದನ್ನು ಚರ್ಮವೇ ಕಲಿಯುತ್ತದೆ. ಗಂಟನ್ನು ಅವನಿಂದಲೇ ಹಾಕಿಸಿದೆ: ಕೊಕ್ಕೆಯ ಕಣ್ಣಿನಲ್ಲಿ ದಾರ ತೂರಿಸಿ, ಉದ್ದ ದಾರಕ್ಕೆ ಐದು ಸುತ್ತು ಸುತ್ತಿ, ಕಣ್ಣಿನ ಪಕ್ಕದ ಕುಣಿಕೆಯೊಳಗೆ ತುದಿಯನ್ನು ಮರಳಿ ತೂರಿಸಿ, ಬಿಗಿಯುವ ಮೊದಲು ಎಂಜಲು ಹಚ್ಚಿ ಒದ್ದೆ ಮಾಡುವುದು. ಒಣಗಂಟು ಬಿಗಿದರೆ ದಾರ ತಿಕ್ಕಿ ಕಾದು ಅಲ್ಲಿಯೇ ದುರ್ಬಲವಾಗುತ್ತದೆ. ರಾತ್ರಿ ಟಿವಿ ನೋಡುತ್ತ ಅವನು ಇಂಥ ಮೂವತ್ತು ಗಂಟು ಹಾಕಿದ್ದ.

ಖಾನಾಪುರ, ಲೋಂಡಾ, ರಾಮನಗರ ದಾಟಿ ಜೋಯಿಡಾ ಕಡೆ ತಿರುಗಿದರೆ ದಾರಿಯುದ್ದಕ್ಕೂ ಕಾಳಿಯ ಸೀಮೆಯೇ. ಈ ಹೊಳೆ ಹುಟ್ಟುವುದು ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ. ಅಣಶಿ ಘಟ್ಟ ಇಳಿದು ಕದ್ರಾ ಅಣೆಕಟ್ಟಿನ ಬಳಿ ಮತ್ತೆ ಕಣ್ಣಿಗೆ ಬೀಳುತ್ತದೆ. ಕಾರವಾರ ಮುಟ್ಟಿದೊಡನೆ ಮಾಡಿದ ಮೊದಲ ಕೆಲಸ ಮೀನುಪೇಟೆಯಲ್ಲಿ ಒಂದು ಪಾವಿನಷ್ಟು ತಾಜಾ ಸಿಗಡಿ ಕೊಂಡು ಐಸಿನಲ್ಲಿಟ್ಟದ್ದು.

ಬೆಳಿಗ್ಗೆ ನಾವು ದಂಡೆಗೆ ಹೋದಾಗ ನೀರು ತಳಕ್ಕಿಳಿದು, ಮರಳಿನ ದಿಬ್ಬಗಳು ಬೆನ್ನು ತೋರಿಸುತ್ತಿದ್ದವು. ಇದೇ ನೋಡಬೇಕಾದ ಹೊತ್ತು. ಇನ್ನು ನಾಲ್ಕು ತಾಸಿಗೆ ಮುಳುಗಿಹೋಗುವ ನೆಲದ ನಕ್ಷೆ ಈಗ ಕಣ್ಣ ಮುಂದಿರುತ್ತದೆ: ಎಲ್ಲಿ ಕಲ್ಲು, ಎಲ್ಲಿ ತಗ್ಗು, ಎಲ್ಲಿ ಹುಳುಗಳು ಉಗುಳಿದ ಮರಳಿನ ಸಣ್ಣ ಸುರುಳಿಗಳು. ನೀರು ಏರಿದಾಗ ಮೀನು ಬರುವುದು ಆ ಹುಳುಗಳಿಗಾಗಿಯೇ. ಅಳಿಯ ಬರಿಗಾಲಲ್ಲಿ ಓಡಾಡಿ, ಎರಡು ದಿಬ್ಬಗಳ ನಡುವಿನ ಒಂದು ಕಾಲುವೆಯಂಥ ತಗ್ಗನ್ನು ಗುರುತಿಸಿ, ದಂಡೆಯಲ್ಲಿ ಅದರ ನೇರಕ್ಕೆ ಒಂದು ಕಡ್ಡಿ ನೆಟ್ಟ. ಆ ಕಡ್ಡಿ ಅವನ ಸ್ವಂತ ಬುದ್ಧಿ.

ಜೀವರಕ್ಷಕ ಜಾಕೆಟ್ ಹಾಕದೆ ನೀರಿನ ಬಳಿ ಹೋಗಕೂಡದು, ಪಾಚಿ ಹಿಡಿದ ಕಲ್ಲು ಹತ್ತಕೂಡದು, ಅಲೆಗೆ ಬೆನ್ನು ಮಾಡಿ ನಿಲ್ಲಕೂಡದು. ಈ ಮೂರು ಮಾತಿಗೆ ಚರ್ಚೆ ಇರಲಿಲ್ಲ.

ಏಳೂವರೆಯ ಹೊತ್ತಿಗೆ ನೊರೆಯ ಒಂದು ತೆಳು ಅಂಚು ಒಳಮುಖವಾಗಿ ಸರಿಯತೊಡಗಿತು. ಹೆಬ್ಬೆರಳ ಉಗುರಿನಷ್ಟು ಸಿಗಡಿಯ ತುಂಡನ್ನು, ಸಿಪ್ಪೆ ಬಿಡಿಸಿ, ಕೊಕ್ಕೆಯ ಬಾಗನ್ನು ತುಂಬುವಂತೆ ಚುಚ್ಚಿ ಹುಡುಗ ಎಸೆದ. ಮೊದಲ ಅರ್ಧ ತಾಸು ಏನೂ ಇಲ್ಲ. ಆಮೇಲೆ ಅವನ ತೋರುಬೆರಳು ಸೆಟೆಯಿತು.

"ಮಾಮಾ, ಏನೋ ಟಕ್ ಟಕ್ ಅನ್ನಾಕತ್ತೈತ್ರಿ!"

"ಜಗ್ಗಬ್ಯಾಡ. ಇನ್ನೊಂದ್ ಸಲ ಅನ್ಲಿ."

ಎರಡನೆಯ ತಟ್ಟಿಗೆ ಅವನು ಮಣಿಕಟ್ಟನ್ನಷ್ಟೇ ಎತ್ತಿದ, ಕಲಿಸಿದ ಹಾಗೆಯೇ. ದಾರ ಓರೆಯಾಗಿ ಓಡಿತು. ಕೈಮೇಲೆ ಕೈ ಹಾಕಿ ಎಳೆದು ತಂದದ್ದು ಒಂದು ಗೇಣಿಗಿಂತ ತುಸು ಉದ್ದದ, ಕಡ್ಡಿಯಂತೆ ನೀಳವಾದ, ಬೆಳ್ಳಿ ಬಣ್ಣದ ಮೀನು. ಮಂಗಳೂರಿನವರು ಕಾಣೆ ಎನ್ನುವ, ಕಾರವಾರದ ಕಡೆ ನೊಗಲಿ ಎನ್ನುವ ಮೀನು ಇದೇ. ಅಪಾಯ ಕಂಡರೆ ಮರಳಿನೊಳಗೆ ಹೂತುಕೊಳ್ಳುವ ಜಾತಿ. ಬಾಯಿ ಸಣ್ಣದು, ಆದ್ದರಿಂದ ಕೊಕ್ಕೆಯೂ ಸಣ್ಣದಿರಬೇಕು. ಅದರ ಬಾಲದ ಕೆಳತುದಿ ಯಾವುದೋ ಏಡಿ ಕಚ್ಚಿದ್ದಕ್ಕೋ ಏನೋ, ಹಳೆಯ ಗಾಯವಾಗಿ ಅರ್ಧಚಂದ್ರದಂತೆ ಹರಿದಿತ್ತು.

ಮೀನು ಪೆಟ್ಟಿಗೆಯಲ್ಲಿ ಒದ್ದಾಡುತ್ತಿದ್ದಾಗ ಅವನ ಮುಖದ ಹಿಗ್ಗು ಸ್ವಲ್ಪ ಕುಗ್ಗಿತು. "ಇನ್ನೂ ಸತ್ತಿಲ್ರೀ" ಎಂದ. ಸಾಯಲು ಬಿಡುವುದು ತಪ್ಪು, ಕೊಲ್ಲುವುದು ನಮ್ಮ ಜವಾಬ್ದಾರಿ ಎಂದು ಹೇಳಿ, ಕಣ್ಣುಗಳ ಹಿಂದೆ ತಲೆಯ ಮೇಲೆ ಮರದ ಗೂಟದಿಂದ ಒಂದೇ ಬಲವಾದ ಪೆಟ್ಟು ಹಾಕುವುದನ್ನು ತೋರಿಸಿದೆ. ಹಾಗೆ ಮಾಡಿದರೆ ಅದರ ನರಳಾಟವೂ ನಿಲ್ಲುತ್ತದೆ, ಒದ್ದಾಡಿ ದಣಿದ ಮೀನಿಗಿಂತ ಅದರ ಮಾಂಸವೂ ಚೆನ್ನಾಗಿ ಉಳಿಯುತ್ತದೆ. ಮೂರನೆಯ ಮೀನಿಗೆ ಅವನೇ ಗೂಟ ಕೇಳಿ ತೆಗೆದುಕೊಂಡ. ಕಿವಿರು ಕತ್ತರಿಸಿ ರಕ್ತ ಇಳಿಸಿ, ಐಸು ಮತ್ತು ಸಮುದ್ರದ ನೀರು ಬೆರೆಸಿದ ಪೆಟ್ಟಿಗೆಗೆ ಹಾಕಿದೆವು. ಬರೀ ಐಸಿನ ತುಂಡುಗಳ ನಡುವೆ ಗಾಳಿ ಉಳಿಯುತ್ತದೆ, ಉಪ್ಪುನೀರು ಬೆರೆತರೆ ತಂಪು ಎಲ್ಲ ಕಡೆಗೂ ಮುಟ್ಟುತ್ತದೆ.

ಹತ್ತು ಗಂಟೆಯ ಸುಮಾರಿಗೆ ನನ್ನ ಗಾಳಕ್ಕೆ ಮೀಸೆಯ ಮೀನು ಬಿತ್ತು, ನಮ್ಮ ಮಾರುಕಟ್ಟೆಯಲ್ಲಿ ಶಿಂಗಾಳ ಎಂದು ಮಾರುವುದು. ಹೊಳೆಯ ರೂಢಿಯಲ್ಲಿ ನಾನು ಅದರ ಬೆನ್ನು ಹಿಡಿದೆ, ಅದು ಬೆನ್ನ ಮೇಲಿನ ಮುಳ್ಳನ್ನು ನನ್ನ ಅಂಗೈಗೆ ಇಳಿಸಿತು. ಮೊಣಕೈವರೆಗೆ ಬೆಂಕಿ ಹತ್ತಿದಂತಾಯಿತು. ರಸ್ತೆ ಬದಿಯ ಚಹಾದಂಗಡಿಯವರು ಕೇಳದೆಯೇ ಬೋಗುಣಿಯಲ್ಲಿ ಬಿಸಿನೀರು ಕೊಟ್ಟರು. ಸುಡದಷ್ಟು ಬಿಸಿಯ ನೀರಿನಲ್ಲಿ ಕೈ ಮುಳುಗಿಸಿ ಕುಳಿತರೆ ಆ ವಿಷದ ಉರಿ ಇಳಿಯುತ್ತದೆ, ಶಾಖಕ್ಕೆ ಅದು ಕೆಡುತ್ತದೆ. ನಾನು ಹೀಗೆ ಅರ್ಧ ತಾಸು ಬೋಗುಣಿಯ ಮುಂದೆ ಕುಳಿತಿದ್ದಾಗ ಅಳಿಯ, ನನ್ನ ಕಣ್ಣೆದುರಿನಲ್ಲೇ, ಇನ್ನೂ ನಾಲ್ಕು ನೊಗಲಿ ಹಿಡಿದ. ಕೊನೆಯಲ್ಲಿ ಬಂದ, ಚೆಂಡಿನಂತೆ ಹೊಟ್ಟೆ ಊದಿಸಿಕೊಳ್ಳುವ ಮೀನನ್ನು ಮಾತ್ರ ಬಟ್ಟೆಯಲ್ಲಿ ಹಿಡಿದು ನೀರಿಗೆ ಬಿಡಿಸಿದೆ. ಅದರಲ್ಲಿ ಎಷ್ಟು ಬೇಯಿಸಿದರೂ ಹೋಗದ ವಿಷವಿದೆ, ನಾಯಿಗೂ ಹಾಕಬಾರದು.

ನೀರು ಪೂರ್ತಿ ಏರಿ ನಿಂತೊಡನೆ ಮೀನು ಕಚ್ಚುವುದು ನಿಂತಿತು, ಯಾರೋ ಬಾಗಿಲು ಹಾಕಿದಂತೆ. ಪೆಟ್ಟಿಗೆಯಲ್ಲಿ ಹನ್ನೊಂದು ನೊಗಲಿ, ಕಲ್ಲಿನ ಬದಿಯಲ್ಲಿ ನನಗೆ ಸಿಕ್ಕ ಎರಡು ತಾಂಬೋಶಿ ಎಂಬ ಕೆಂಪು ಮೀನು, ಒಂದು ಶಿಂಗಾಳ. ಗೇಣಿಗಿಂತ ಸಣ್ಣವನ್ನು ಬಿಟ್ಟಿದ್ದೆವು.

ಐದು ತಾಸಿನ ದಾರಿಗೆ ಮೊದಲು ಅಲ್ಲಿಯೇ ಹೊಟ್ಟೆ ತೆಗೆಯುವುದು ಒಳ್ಳೆಯದು, ಏಕೆಂದರೆ ಕೆಡುವುದು ಶುರುವಾಗುವುದು ಕರುಳಿನಿಂದ. ಚಾಕುವಿನ ಬೆನ್ನಿನಿಂದ ಬಾಲದಿಂದ ತಲೆಯ ಕಡೆಗೆ, ನೀರಿನೊಳಗೆ ಮುಳುಗಿಸಿಯೇ ಹುರುಪೆ ಹೆರೆದರೆ ಅದು ಮುಖಕ್ಕೆ ಸಿಡಿಯುವುದಿಲ್ಲ. ಹೊಟ್ಟೆಯೊಳಗಿನ ಕಪ್ಪು ಪೊರೆ ಮತ್ತು ಬೆನ್ನೆಲುಬಿಗೆ ಅಂಟಿದ ರಕ್ತದ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯಬೇಕು. ಕಹಿ ಇರುವುದು ಅಲ್ಲಿ. ಹುಡುಗ ಒಂದು ಮೀನಿನ ಜಠರ ಸೀಳಿ ಅರ್ಧ ಜೀರ್ಣವಾದ ಹುಳುವನ್ನು ಹೊರತೆಗೆದು, ಬೆಳಿಗ್ಗೆ ತಾನು ಕಡ್ಡಿ ನೆಟ್ಟ ಜಾಗದ ಕಡೆಗೊಮ್ಮೆ ನೋಡಿದ. ಆಮೇಲೆ ಹಳೆಯ ನೀರು ಚೆಲ್ಲಿ, ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮೇಲೂ ಕೆಳಗೂ ಹೊಸ ಐಸು ಹರಡಿದೆವು. ಐಸು ಕರಗಿದ ಸಿಹಿನೀರಿನಲ್ಲಿ ಮೀನು ನೆನೆದರೆ ಮಾಂಸ ಜೊಳ್ಳಾಗುತ್ತದೆ.

ಘಟ್ಟ ಹತ್ತುವಾಗ ಅವನು ಕೇಳಿದ: "ಸಮುದ್ರದಾಗ ಅಷ್ಟು ಉಪ್ಪಿದ್ರ, ಮೀನಿಗೆ ಮತ್ಯಾಕ್ರೀ ಉಪ್ಪು ಹಚ್ಚೋದು?" ಒಳ್ಳೆಯ ಪ್ರಶ್ನೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದ್ದರೆ ಇಂಥ ಮೀನಿನ ರಕ್ತದಲ್ಲಿರುವುದು ಅದರ ಮೂರನೇ ಒಂದು ಭಾಗದಷ್ಟು. ಉಪ್ಪಿನ ಕಡಲು ಅದರ ಮೈಯ ನೀರನ್ನು ಹೀರುತ್ತಲೇ ಇರುವುದರಿಂದ ಅದು ಸಮುದ್ರದ ನೀರನ್ನೇ ಕುಡಿದು, ಹೆಚ್ಚಿನ ಉಪ್ಪನ್ನು ಕಿವಿರುಗಳಿಂದ ಹೊರದಬ್ಬುತ್ತದೆ. ಹೊಳೆಯ ಮೀನಿನದು ಉಲ್ಟಾ ಪಾಡು: ನೀರು ತಾನಾಗಿ ಒಳನುಗ್ಗುತ್ತದೆ, ಉಪ್ಪನ್ನು ಹಿಡಿದಿಟ್ಟುಕೊಳ್ಳಬೇಕು. ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅವನು ನಿದ್ದೆ ಹೋಗಿದ್ದ.

ಏಳು ಗಂಟೆಗೆ ಮನೆ ಮುಟ್ಟಿದಾಗ ಅವ್ವ ಹಿತ್ತಲಿನ ಒಲೆಗೆ ಕಟ್ಟಿಗೆ ಹೂಡಿಟ್ಟಿದ್ದಳು. ಅವಳು ಮೀನು ತಿನ್ನುವವಳಲ್ಲ. ಒಳಗಿನ ಅಡುಗೆಮನೆಗೆ ಅದು ಬರುವಂತಿಲ್ಲ, ಅದರ ಪಾತ್ರೆಗಳೂ ಬೇರೆ.

ಅಡುಗೆಯಲ್ಲೂ ನಾನು ಹೊಳೆಯ ರೂಢಿಯನ್ನು ಬಿಡಬೇಕಾಯಿತು. ಜಲಾಶಯದ ಮೀನಿಗೆ ಒಂದು ಕೆಸರು ವಾಸನೆ ಇರುತ್ತದೆ. ಅದಕ್ಕೆ ಕಾರಣ ಜಿಯಾಸ್ಮಿನ್ ಎಂಬ ವಸ್ತು, ಮೊದಲ ಮಳೆಗೆ ಮಣ್ಣಿನಿಂದ ಏಳುವ ಘಮವೂ ಅದರದೇ. ಹುಳಿಗೆ ಅದು ಮುರಿಯುತ್ತದೆಯಾದ್ದರಿಂದ ನಾವು ಹುಣಸೆಹಣ್ಣು ಹಿಂಡಿ, ಮೇಲೆ ಕಾಂದಾ ಲಸೂಣ ಖಾರ, ಗರಂ ಮಸಾಲೆ ಎಲ್ಲ ಸುರಿಯುತ್ತೇವೆ. ಆ ದಿನವೇ ಹಿಡಿದ ಕಡಲ ಮೀನಿಗೆ ಇಷ್ಟು ಮಸಾಲೆ ಹಾಕುವುದೆಂದರೆ ರೇಷ್ಮೆಯ ಮೇಲೆ ಕಂಬಳಿ ಹೊದಿಸಿದ ಹಾಗೆ. ನೊಗಲಿಗೆ ಹಚ್ಚಿದ್ದು ಉಪ್ಪು, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ ಮತ್ತು ಆಮಸೋಲು (ಒಣ ಮುರುಗಲು ಸಿಪ್ಪೆ) ನೆನೆಸಿದ ನೀರು, ಅಷ್ಟೇ. ಕಾಲು ತಾಸು ಬಿಟ್ಟು, ಇಳಿದ ನೀರನ್ನು ಬಸಿದು, ಹಂಚಿಗೆ ಹಾಕುವ ಕ್ಷಣದಲ್ಲಿ ಮಾತ್ರ ದಪ್ಪ ರವೆಯಲ್ಲಿ ಹೊರಳಿಸಬೇಕು; ಮೊದಲೇ ಹೊರಳಿಸಿಟ್ಟರೆ ರವೆ ಒದ್ದೆಯಾಗಿ ಹಂಚಿಗೆ ಮೆತ್ತುತ್ತದೆ. ಕಬ್ಬಿಣದ ಹಂಚಿನ ಮೇಲೆ ಶೇಂಗಾ ಎಣ್ಣೆ ಕಾದಿದೆಯೇ ಎಂದು ನಾಲ್ಕು ಕಾಳು ರವೆ ಉದುರಿಸಿ ನೋಡಿ, ಚುರ್ ಎಂದೊಡನೆ ಮೀನು ಮಲಗಿಸಿ, ಮೂರು ನಾಲ್ಕು ನಿಮಿಷ ಮುಟ್ಟದೆ ಬಿಡಬೇಕು. ಬೆಂದ ಬದಿ ತಾನಾಗಿ ಹಂಚು ಬಿಡುತ್ತದೆ. ಬಿಡುವ ಮೊದಲು ಮಗುಚಿದರೆ ತೊಗಲು ಅಲ್ಲಿಯೇ ಉಳಿಯುತ್ತದೆ. ಹುಡುಗ ಮೊದಲ ಮೀನಿನ ತೊಗಲು ಕಿತ್ತ, ಎರಡನೆಯದರಿಂದ ಸರಿಹೋದ.

ತಾಂಬೋಶಿ ಮತ್ತು ಶಿಂಗಾಳಕ್ಕೆ ಸಾರು. ಅರ್ಧ ತೆಂಗಿನಕಾಯಿ, ಎಂಟು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಕೊತ್ತಂಬರಿ ಬೀಜ, ಅರಿಶಿನ ಇವನ್ನು ಬೆಣ್ಣೆಯಂತೆ ರುಬ್ಬಿ, ನಾಲ್ಕು ಆಮಸೋಲಿನ ಸಿಪ್ಪೆ, ಜಜ್ಜಿದ ಐದಾರು ತಿರಫಳ (ಕರಾವಳಿಯ ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ) ಹಾಕಿ ಕುದಿಸುವುದು. ತಿರಫಳವನ್ನು ಕಾರವಾರದ ಪೇಟೆಯಲ್ಲಿ ಸಿಗಡಿ ಮಾರಿದ ಅಕ್ಕನೇ ಒಂದು ಮುಷ್ಟಿ ಕೊಟ್ಟು, ಒಳಗಿನ ಕರಿ ಬೀಜ ತೆಗೆದು ಹಾಕಲು ಹೇಳಿದ್ದರು. ಮಸಾಲೆಯ ಹಸಿ ವಾಸನೆ ಹೋದ ಮೇಲೆಯೇ ಮೀನು ಬಿಡಬೇಕು, ಏಳೆಂಟು ನಿಮಿಷದಲ್ಲಿ ಇಳಿಸಬೇಕು, ಸೌಟು ಆಡಿಸದೆ ಪಾತ್ರೆಯ ಕಿವಿ ಹಿಡಿದು ತಿರುಗಿಸಬೇಕು.

ಅಕ್ಕ ರೊಟ್ಟಿ ಬಡಿದಳು. ಎಳೆಯ ಬದನೆಕಾಯಿ ಎಣಗಾಯಿಗೇ ಹುಟ್ಟಿದ್ದೆಂದು ನಾವು ತಿಳಿದ ಜೋಳದ ರೊಟ್ಟಿ ತಿರಫಳದ ಸಾರಿಗೂ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ, ಕರಾವಳಿಯವರು ಒಪ್ಪಲಿಕ್ಕಿಲ್ಲ. ಅಳಿಯ ತಟ್ಟೆ ಹಿಡಿದು ಹಂಚಿನ ಬಳಿಯೇ ಕುಕ್ಕರಗಾಲಲ್ಲಿ ಕುಳಿತು, ಬಾಲ ಹರಿದ ಆ ನೊಗಲಿಯನ್ನು ಹುಡುಕಿ ತೆಗೆದುಕೊಂಡ. ದೂರದಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಅವ್ವ, ತಾನು ತಿನ್ನದಿದ್ದರೂ ಕುತೂಹಲ ತಡೆಯದೆ, "ಹ್ಯಾಂಗಾಗೇತಿ?" ಎಂದು ಕೇಳಿದಳು.

ಅವನು ಅಗಿಯುತ್ತ ಒಂದು ಕ್ಷಣ ಯೋಚಿಸಿ, "ಉಪ್ಪು ಕಡಿಮಿ ಆಗೇತಿ, ಆಯಿ" ಎಂದು ಉಪ್ಪಿನ ಬಟ್ಟಲಿಗೆ ಕೈ ಚಾಚಿದ.